ಹಳೆಯ ಸ್ಪೋರ್ಟ್ಸ್ ಕಾರನ್ನು ಆರಿಸುವ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಮೋಟಾರು ವಾಹನಗಳು ಇದ್ದಿದ್ದರೆ ‘ಹಳೆಯ ಕಾರು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮನೆ ಮದುವೆಗಳಲ್ಲಿ ಕೈ ಸುಡುವುದು ಹಣದಿಂದ ಮಾತ್ರ. ಹಳೆಯ ಕಾರಿನಲ್ಲಿ, ಅದರಲ್ಲಿಯೂ ವೇಗಕ್ಕೆಂದೇ ಹುಟ್ಟಿದ ಕಾರಿನಲ್ಲಿ, ಹಣದ ಜೊತೆಗೆ ಪ್ರಾಣವನ್ನೂ ಪಣಕ್ಕಿಡಬೇಕಾಗುತ್ತದೆ.

2018ರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಪತ್ರ ಬಂದಿತು. ಆತ ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಓದು ಮುಗಿಸಿ ಚಿಕ್ಕ ಸಂಬಳದ ಕೆಲಸಕ್ಕೆ ಸೇರಿದ್ದ. ಹುಡುಗತನದಿಂದಲೂ ಅವನಿಗೆ ಒಂದು ಸ್ಪೋರ್ಟ್ಸ್ ಕಾರನ್ನು ಕೊಳ್ಳಬೇಕೆಂಬ ಆಸೆ. ಎರಡು ವರ್ಷ ಮಿತವಾಗಿ ಬದುಕಿ 4,000 ಪೌಂಡುಗಳನ್ನು ಕೂಡಿಟ್ಟಿದ್ದ. ಹೊಸ ಕಾರಿಗೆ ಆ ಹಣ ಏನೇನೂ ಸಾಲದು. ಹಳೆಯದೊಂದನ್ನು ನೋಡಿ ಬಂದಿದ್ದ. “ಸಾರ್, ಕೆಂಪು ಬಣ್ಣ, ಕನ್ನಡಿಯಂತೆ ಹೊಳೆಯುತ್ತಿದೆ. ಶನಿವಾರದೊಳಗೆ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದಂತೆ. ಕೊಳ್ಳಲೇ?” ಎಂದು ಕೇಳಿದ್ದ.

ಅಂತಹ ಕಾರಿನಲ್ಲಿ ನಾವು ಕುಳಿತವರೂ ಅಲ್ಲ. ಆದರೆ ಕಾರು ಯಾವ ನಿಯಮಗಳಿಗೆ ತಲೆಬಾಗಿ ಓಡುತ್ತದೆಯೋ ಆ ನಿಯಮಗಳನ್ನು ನಾವೇ ಅವನಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೆವು. ಆದುದರಿಂದ ಹೀಗೆ ಉತ್ತರ ಬರೆದೆವು: “ಮುಂಗಡ ಕೊಡಬೇಡ. ಶನಿವಾರದ ಗಡುವು ಮಾರುವವನದು, ನಿನ್ನದಲ್ಲ. ಮೊದಲು ಲೆಕ್ಕ ಮಾಡೋಣ.” ಆ ಲೆಕ್ಕದ ಸಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಸ್ಪೋರ್ಟ್ಸ್ ಕಾರೆಂದರೇನು?

ಎಂಜಿನಿನ ಬಲ ಹೆಚ್ಚಿದ್ದ ಮಾತ್ರಕ್ಕೆ ಕಾರು ಸ್ಪೋರ್ಟ್ಸ್ ಕಾರಾಗುವುದಿಲ್ಲ; ಹಾಗಿದ್ದಲ್ಲಿ ಲಾರಿಗೂ ಆ ಹೆಸರು ಸಲ್ಲಬೇಕಾಗಿತ್ತು. ಚಾಲಕನ ಇಚ್ಛೆಗೆ ತಡವಿಲ್ಲದೆ ಓಗೊಡುವ, ತಿರುವುಗಳಲ್ಲಿ ನೆಲವನ್ನು ಬಿಗಿಯಾಗಿ ಹಿಡಿಯುವ ಹಗುರವಾದ ಕಾರಿಗೆ ಆ ಹೆಸರು. 1950 ಮತ್ತು 60ರ ದಶಕಗಳಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಇಬ್ಬರು ಕೂರಬಹುದಾದ, ಮಡಿಸುವ ಬಟ್ಟೆಯ ಚಾವಣಿಯ ಇಂತಹ ಕಾರುಗಳಿಗೆ ಹೆಸರಾಗಿದ್ದುವು. 1962ರಲ್ಲಿ ಬಂದ ಎಂ.ಜಿ.ಬಿ. ಮತ್ತು ಲೋಟಸ್ ಎಲಾನ್ ಈ ಬಳಗದವು.

ಅದೇ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಾನಿನ ಮಾಜ್ದಾ ಸಂಸ್ಥೆಯವರು ಎಂ.ಎಕ್ಸ್.-5 ಎಂಬ ಕಾರನ್ನು ರಚಿಸಿ, 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ಪ್ರದರ್ಶನದಲ್ಲಿ ಮುಂದಿಟ್ಟರು. ಮುಂದೆ ಎಂಜಿನು, ಚಾಲನೆ ಹಿಂದಿನ ಗಾಲಿಗಳಿಗೆ, ಭಾರ ಎರಡು ತುದಿಗಳಿಗೂ ಬಹುಮಟ್ಟಿಗೆ ಸಮವಾಗಿ ಹಂಚಿಕೆ—ಇಷ್ಟೇ ಅದರ ಗುಟ್ಟು. ಮೊದಲ ಮಾದರಿಯ 1.6 ಲೀಟರ್ ಎಂಜಿನಿನ ಸಾಮರ್ಥ್ಯ ಸುಮಾರು 116 ಅಶ್ವಶಕ್ತಿ. 2016ರ ಏಪ್ರಿಲಿನ ವೇಳೆಗೆ ಈ ಕಾರುಗಳ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಮಿತ ಹಣದವನಿಗೆ ಈ ಸಂಖ್ಯೆ ಮುಖ್ಯವಾದುದು. ಹೆಚ್ಚು ತಯಾರಾದ ಕಾರಿನ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ. ಅದರ ದೋಷಗಳೂ ಮೊದಲೇ ಎಲ್ಲರಿಗೂ ತಿಳಿದಿರುತ್ತವೆ. ನಮ್ಮ ವಿದ್ಯಾರ್ಥಿ ನೋಡಿ ಬಂದದ್ದು ಈ ಜಾತಿಯ ಮೊದಲ ತಲೆಮಾರಿನ ಕಾರನ್ನೇ.

116 ಅಶ್ವಶಕ್ತಿಯಿಂದ ಏನಾಗುತ್ತದೆ? ಕಾರು ಮತ್ತು ಚಾಲಕ ಸೇರಿ ಸುಮಾರು 1,000 ಕಿಲೋಗ್ರಾಂ ಎನ್ನೋಣ. ಗಂಟೆಗೆ 100 ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು 27.8 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ ½mv² ಸೂತ್ರದಂತೆ 3,86,000 ಜೌಲ್. 116 ಅಶ್ವಶಕ್ತಿಯೆಂದರೆ ಸೆಕೆಂಡಿಗೆ 86,500 ಜೌಲ್. ಭಾಗಿಸಿದರೆ ಸುಮಾರು 4½ ಸೆಕೆಂಡು ದೊರೆಯುತ್ತದೆ. ನಿಜವಾಗಿ ಈ ಕಾರಿಗೆ ಆ ವೇಗವನ್ನು ಮುಟ್ಟಲು ಸುಮಾರು 9 ಸೆಕೆಂಡು ಬೇಕು. ಉಳಿದ ಕಾಲವೆಲ್ಲಿ ಹೋಯಿತು? ಎಂಜಿನು ಪೂರ್ಣ ಸಾಮರ್ಥ್ಯವನ್ನು ಕೊಡುವುದು ತಾನು ಅತಿ ವೇಗವಾಗಿ ತಿರುಗುವಾಗ ಮಾತ್ರ. ಗೇರು ಬದಲಿಸುವಾಗ ಅದು ಏನನ್ನೂ ಕೊಡದು. ಗಾಳಿಯ ತಡೆಯೂ ಯಂತ್ರದೊಳಗಿನ ಘರ್ಷಣೆಯೂ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ಆದುದರಿಂದ ಜಾಹೀರಾತಿನ ಅಶ್ವಶಕ್ತಿಯೊಂದನ್ನೇ ನೋಡಿ ಮರುಳಾಗಬಾರದು. ಒಂದು ಟನ್ನು ಭಾರಕ್ಕೆ ಎಷ್ಟು ಅಶ್ವಶಕ್ತಿ ಎಂದು ಕೇಳಬೇಕು.

ನಾಲ್ಕು ಅಂಗೈಗಳ ಮೇಲೆ ನಿಂತ ಕಾರು

ಕಾರಿಗೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳ ತಳದಲ್ಲಿದೆ. ಈ ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1.8 ಕಿಲೋಗ್ರಾಂ. ಪ್ರತಿಯೊಂದು ಟೈರೂ 250 ಕಿಲೋಗ್ರಾಂ ಹೊರಬೇಕು. ಹಾಗಾದರೆ ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 140 ಚದರ ಸೆಂಟಿಮೀಟರ್—ನಮ್ಮ ಅಂಗೈಯಷ್ಟು! ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು.

ಕಾರು ಸೆಕೆಂಡಿಗೆ 20 ಮೀಟರ್, ಎಂದರೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ ಎನ್ನೋಣ. ಒಣ ರಸ್ತೆ, ಒಳ್ಳೆಯ ಟೈರು. ಘರ್ಷಣ ಗುಣಾಂಕ 0.8 ಇರಲಿ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ v²/2μg, ಎಂದರೆ ಸುಮಾರು 25½ ಮೀಟರ್. ಮಳೆಯಲ್ಲಿ, ಸವೆದ ಟೈರಿನಿಂದಾಗಿ ಗುಣಾಂಕ 0.4ಕ್ಕೆ ಇಳಿದರೆ ಅದೇ ದೂರ 51 ಮೀಟರ್ ಆಗುತ್ತದೆ. ತಿರುವಿನಲ್ಲಿಯೂ ಹೀಗೆಯೇ. 50 ಮೀಟರ್ ತ್ರಿಜ್ಯದ ತಿರುವನ್ನು ಮೊದಲ ಟೈರು ಗಂಟೆಗೆ 71 ಕಿಲೋಮೀಟರಿನವರೆಗೆ ತಾಳೀತು. ಎರಡನೆಯದು 50ಕ್ಕೇ ಜಾರಿಬಿಡುತ್ತದೆ. ಎಂಜಿನು ಎಷ್ಟೇ ಬಲವುಳ್ಳದ್ದಾಗಿರಲಿ, ಈ ಅಂಕೆಗಳನ್ನು ಕೂದಲೆಳೆಯಷ್ಟೂ ಬದಲಿಸಲಾರದು.

ಈ ಸೂತ್ರಗಳಲ್ಲಿ ದ್ರವ್ಯರಾಶಿ ಎಲ್ಲಿಯೂ ಇಲ್ಲವಲ್ಲ. ಹಾಗಿದ್ದರೆ ಕಾರು ಹಗುರವಾಗಿರುವುದರಿಂದ ಲಾಭವೇನು ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ರಬ್ಬರಿನ ಘರ್ಷಣ ಗುಣಾಂಕವು ಪಠ್ಯಪುಸ್ತಕದಲ್ಲಿ ಹೇಳುವಂತೆ ಸ್ಥಿರವಾದುದಲ್ಲ. ಭಾರ ಹೆಚ್ಚಿದಂತೆಲ್ಲ ಅದು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ತಿರುವಿನಲ್ಲಿ ಒಳಬದಿಯ ಗಾಲಿಗಳ ಭಾರ ಹೊರಬದಿಗೆ ಸರಿಯುತ್ತದೆ. ಗುರುತ್ವಕೇಂದ್ರದ ಎತ್ತರ 45 ಸೆಂಟಿಮೀಟರ್, ಎಡಬಲ ಗಾಲಿಗಳ ನಡುವಣ ಅಂತರ 140 ಸೆಂಟಿಮೀಟರ್ ಇದ್ದರೆ, ಮೇಲೆ ಹೇಳಿದ ತಿರುವಿನಲ್ಲಿ ಒಳಬದಿಗೆ 243, ಹೊರಬದಿಗೆ 757 ಕಿಲೋಗ್ರಾಂ ಭಾರ ಬೀಳುತ್ತದೆ. ಗುರುತ್ವಕೇಂದ್ರ 65 ಸೆಂಟಿಮೀಟರಿಗೆ ಏರಿದರೆ ಒಳಬದಿಗೆ ಉಳಿಯುವುದು 129 ಮಾತ್ರ. ಹೊರಗಿನ ಟೈರುಗಳು ಏದುಸಿರು ಬಿಡುವಾಗ ಒಳಗಿನವು ಸುಮ್ಮನಿರುತ್ತವೆ. ಒಟ್ಟು ಹಿಡಿತ ಕುಗ್ಗುತ್ತದೆ. ತಗ್ಗಾದ, ಹಗುರವಾದ ಕಾರಿನ ಹೆಚ್ಚಳ ಇದೇ. ಮೇಲಾಗಿ ಭಾರ ಇಮ್ಮಡಿಯಾದರೆ ನಿಲ್ಲಿಸುವಾಗ ಬ್ರೇಕುಗಳು ನುಂಗಬೇಕಾದ ಶಕ್ತಿಯೂ ಇಮ್ಮಡಿಯಾಗುತ್ತದೆ, ಬಿಸಿಯೂ ಹೆಚ್ಚುತ್ತದೆ.

ಆದುದರಿಂದ ಹಳೆಯ ಕಾರನ್ನು ನೋಡಲು ಹೋದವನು ಮೊದಲು ಮಂಡಿಯೂರಿ ಟೈರನ್ನು ನೋಡಬೇಕು. ಗೀರುಗಳ ಆಳ ಬ್ರಿಟನ್ನಿನ ಕಾನೂನಿನಂತೆ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಆಳವಿದ್ದ ಮಾತ್ರಕ್ಕೆ ಸಾಲದು. ರಬ್ಬರು ವಯಸ್ಸಾದಂತೆ ಗಡುಸಾಗುತ್ತದೆ. 2000ದಿಂದ ಈಚಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತು ಇರುತ್ತದೆ. 2316 ಎಂದಿದ್ದರೆ 2016ರ 23ನೆಯ ವಾರದಲ್ಲಿ ಹುಟ್ಟಿದ ಟೈರು ಎಂದರ್ಥ. ಬೇಸಗೆಯ ಭಾನುವಾರಗಳಲ್ಲಿ ಮಾತ್ರ ಹೊರಬರುವ ಸ್ಪೋರ್ಟ್ಸ್ ಕಾರುಗಳಲ್ಲಿ ಸವೆಯದ, ಆದರೆ ಮುದಿಯಾದ ಟೈರುಗಳು ಸಾಮಾನ್ಯ. ನಾಲ್ಕರಲ್ಲಿ ಒಂದು ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಗಾಲಿಗಳ ನೇರ ತಪ್ಪಿದೆಯೆಂದೋ ಹಿಂದೆ ಅಪಘಾತವಾಗಿದೆಯೆಂದೋ ಶಂಕಿಸಬೇಕು.

ಮುಚ್ಚಳವಿಲ್ಲದ ಪೆಟ್ಟಿಗೆ

ಒಂದು ರಟ್ಟಿನ ಪಾದರಕ್ಷೆಯ ಪೆಟ್ಟಿಗೆಯನ್ನು ತೆಗೆದುಕೊಳ್ಳಿರಿ. ಮುಚ್ಚಳವನ್ನು ಅಂಟಿಸಿ ಎರಡು ತುದಿಗಳನ್ನೂ ಹಿಡಿದು ತಿರುಚಿರಿ, ಅದು ಜಗ್ಗುವುದಿಲ್ಲ. ಮುಚ್ಚಳವನ್ನು ತೆಗೆದು ತಿರುಚಿರಿ. ಒದ್ದೆ ಬಟ್ಟೆಯಂತೆ ಬಳುಕುತ್ತದೆ. ಸಾಮಾನ್ಯ ಕಾರು ಮುಚ್ಚಳವಿರುವ ಪೆಟ್ಟಿಗೆ. ಚಾವಣಿಯಿಲ್ಲದ ಕಾರು ಮುಚ್ಚಳ ತೆಗೆದ ಪೆಟ್ಟಿಗೆ. ಆ ಬಲಹೀನತೆಯನ್ನು ತುಂಬಲು ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಉಕ್ಕಿನ ಟೊಳ್ಳು ತೊಲೆಗಳನ್ನು ಬಲವಾಗಿ ಮಾಡಿರುತ್ತಾರೆ. ಇವನ್ನು ಕಾರಿನ ಹೊಸ್ತಿಲೆನ್ನಬಹುದು. ಕಾರು ಬಾಗದಂತೆ, ತಿರುಚದಂತೆ ಕಾಪಾಡುವವು ಮುಖ್ಯವಾಗಿ ಇವೇ.

ಈ ಹೊಸ್ತಿಲಿಗೆ ಶತ್ರು ತುಕ್ಕು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಕಬ್ಬಿಣದ ಒಂದು ಭಾಗ ಧನಧ್ರುವದಂತೆ, ಇನ್ನೊಂದು ಋಣಧ್ರುವದಂತೆ ವರ್ತಿಸಿ, ನಡುವೆ ಪುಟ್ಟ ವಿದ್ಯುತ್ ಪ್ರವಾಹ ಹರಿಯುತ್ತದೆ. ನೀರಿಗೆ ಉಪ್ಪು ಬೆರೆತರೆ ಪ್ರವಾಹಕ್ಕೆ ದಾರಿ ಸುಗಮವಾಗಿ ತುಕ್ಕು ಬೇಗ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗಳು ಹೆಪ್ಪುಗಟ್ಟದಿರಲೆಂದು ಉಪ್ಪನ್ನು ಎರಚುತ್ತಾರೆ; ಅದು ಪ್ರತಿಯೊಂದು ಕಾರಿನ ಹೊಟ್ಟೆಯಡಿ ಸಿಡಿಯುತ್ತದೆ. ಎಂ.ಎಕ್ಸ್.-5ರಲ್ಲಿ ಇದಕ್ಕೆ ಒಳಗಿನ ಸಹಾಯವೂ ಉಂಟು. ಬಟ್ಟೆಯ ಚಾವಣಿಯ ಮೇಲೆ ಬಿದ್ದ ಮಳೆಯ ನೀರು ಆಸನಗಳ ಹಿಂದಿರುವ ಸಣ್ಣ ಕೊಳವೆಗಳ ಮೂಲಕ ಹೊರಗೆ ಹೋಗಬೇಕು. ತರಗೆಲೆ ಮಣ್ಣುಗಳಿಂದ ಆ ಕೊಳವೆ ಕಟ್ಟಿಕೊಂಡರೆ ನೀರು ಹೊಸ್ತಿಲಿನ ಟೊಳ್ಳಿನೊಳಗೆ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹಿಂದಿನ ಗಾಲಿಯ ಮುಂಭಾಗದಲ್ಲಿ ಬಣ್ಣ ಗುಳ್ಳೆಯೆದ್ದು ಕಣ್ಣಿಗೆ ಬೀಳುವ ವೇಳೆಗೆ ಒಳಗಿನ ಉಕ್ಕು ಜರಡಿಯಾಗಿರಬಹುದು.

ಗುಳ್ಳೆಯನ್ನು ಉಜ್ಜಿ, ರಂಧ್ರಕ್ಕೆ ಮೇಣದಂತಹ ಪುಟ್ಟಿಯನ್ನು ಮೆತ್ತಿ, ಮೇಲೆ ಬಣ್ಣ ಬಳಿದರೆ ಕಣ್ಣಿಗೆ ಏನೂ ತಿಳಿಯದು. ಆದರೆ ಅಯಸ್ಕಾಂತಕ್ಕೆ ತಿಳಿಯುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ಅಯಸ್ಕಾಂತವನ್ನು ಬಣ್ಣದ ಮೇಲೆ ಮೆಲ್ಲನೆ ಸರಿಸುತ್ತ ಬರಬೇಕು. ಉಕ್ಕಿದ್ದಲ್ಲಿ ಅದು ಸೆಳೆಯುತ್ತದೆ. ಪುಟ್ಟಿಯಿದ್ದಲ್ಲಿ ಸೆಳೆತ ತಟ್ಟನೆ ತಗ್ಗುತ್ತದೆ. ಒಂದು ಎಚ್ಚರಿಕೆ: ಈ ಕಾರಿನ ಮೊದಲ ಎರಡು ತಲೆಮಾರುಗಳಲ್ಲಿ ಎಂಜಿನಿನ ಮೇಲಣ ಮುಚ್ಚಳ ಅಲ್ಯೂಮಿನಿಯಮ್ಮಿನದು, ಮುಂದಿನ ಹಿಂದಿನ ಬಂಪರುಗಳು ಪ್ಲಾಸ್ಟಿಕ್ಕಿನವು. ಅಲ್ಲಿ ಅಯಸ್ಕಾಂತ ಹಿಡಿಯಲಿಲ್ಲವೆಂದು ಮಾರುವವನೊಡನೆ ಜಗಳ ತೆಗೆದರೆ ನಗೆಪಾಟಲಾಗಬೇಕಾದೀತು!

ನಮ್ಮ ವಿದ್ಯಾರ್ಥಿ ಶುಕ್ರವಾರ ಸಂಜೆ ಎರಡು ವಸ್ತುಗಳನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಹೋದ—ಒಂದು ಕೈದೀಪ, ಒಂದು ಅಯಸ್ಕಾಂತ. ಕೆಂಪು ಕಾರಿನ ಬಾಗಿಲಿನ ಮೇಲೆ ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು. ಎಡಗಡೆಯ ಹೊಸ್ತಿಲಿನಲ್ಲಿ ಹಿಂದಿನ ಗಾಲಿಯ ಬಳಿ ಗೇಣುದ್ದ ಜಾಗದಲ್ಲಿ ಅದು ನಿಲ್ಲದೆ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತು. ಬಲಗಡೆಯೂ ಹಾಗೆಯೇ. ಮಾರುವವನು ಕಾರಿನ ವೇಗದ ವಿಷಯವನ್ನು ಬಿಟ್ಟು ಹವಾಮಾನದ ವಿಷಯವನ್ನು ಮಾತನಾಡತೊಡಗಿದನಂತೆ.

ಗ್ರೇಟ್ ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳು ಪ್ರತಿವರ್ಷವೂ ಎಂ.ಓ.ಟಿ. ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ಪದ್ಧತಿ 1960ರಲ್ಲಿ ಆರಂಭವಾಯಿತು. ಕಾರಿನ ನೋಂದಣಿ ಸಂಖ್ಯೆ ತಿಳಿದಿದ್ದರೆ ಅದರ ಹಿಂದಿನ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ಸರ್ಕಾರದ ಅಂತರಜಾಲ ತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಆತ ಅಂದು ರಾತ್ರಿ ನೋಡಿದ. ಎರಡು ವರ್ಷ ಹಿಂದೆ ಪರೀಕ್ಷಕರು ಅದೇ ಎರಡು ಜಾಗಗಳಲ್ಲಿ ತುಕ್ಕು ಇದೆಯೆಂದು ಎಚ್ಚರಿಕೆ ಬರೆದಿದ್ದರು. ಮರುವರ್ಷದ ದಾಖಲೆಯಲ್ಲಿ ಅದರ ಸುಳಿವಿಲ್ಲ. ನಡುವೆ ಹೊಸ ಬಣ್ಣ ಬಂದಿತ್ತು. ತುಕ್ಕು ತಾನಾಗಿ ವಾಸಿಯಾಗುವ ಕಾಯಿಲೆಯಲ್ಲ.

ಹೊಸ್ತಿಲು ಕುಂಬಾಗಿರುವ ಚಾವಣಿಯಿಲ್ಲದ ಕಾರಿಗೆ ಪಕ್ಕದಿಂದ ಇನ್ನೊಂದು ವಾಹನ ಗುದ್ದಿದರೆ ಒಳಗಿದ್ದವನನ್ನು ಕಾಯುವುದು ಏನು? ಪುಟ್ಟಿ ಮತ್ತು ಕೆಂಪು ಬಣ್ಣ. ಶನಿವಾರ ಆತ ಮುಂಗಡ ಕೊಡಲಿಲ್ಲ.

ಎಂಜಿನಿನ ನಾಡಿ

ಹೊಸ್ತಿಲು ಗಟ್ಟಿಯಾಗಿದೆಯೆಂದು ಖಚಿತವಾದ ಮೇಲೆ ಎಂಜಿನಿನ ಕಡೆ ತಿರುಗಬೇಕು. ಕಾರನ್ನು ತಣ್ಣಗಿರುವಾಗಲೇ ಚಾಲನೆ ಮಾಡಿ ತೋರಿಸಬೇಕೆಂದು ಮೊದಲೇ ಹೇಳಿಡಬೇಕು. ಬಿಸಿಯಾದ ಎಂಜಿನು ಅನೇಕ ರೋಗಗಳನ್ನು ಬಚ್ಚಿಡುತ್ತದೆ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಚಳಿಯ ಬೆಳಿಗ್ಗೆ ಕೆಲವು ನಿಮಿಷ ಬಿಳಿಯ ಹಬೆ ಬಂದರೆ ಗಾಬರಿಬೇಡ. ಪೆಟ್ರೋಲಿನಲ್ಲಿರುವ ಜಲಜನಕವು ಉರಿದು ನೀರಾಗುತ್ತದೆ. ಅದರ ಒಂದು ಘಟಕವಾದ ಆಕ್ಟೇನ್ ಒಂದು ಕಿಲೋಗ್ರಾಂ ಉರಿದರೆ ಸುಮಾರು 1.4 ಕಿಲೋಗ್ರಾಂ ನೀರು ಹುಟ್ಟುತ್ತದೆ. ಆದರೆ ಎಂಜಿನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪುನೀರು ಸಿಲಿಂಡರಿನೊಳಗೆ ಸೋರುತ್ತಿರಬಹುದು. ಅಂತಹ ಕಾರಿಗೆ ದೂರದಿಂದಲೇ ನಮಸ್ಕಾರ.

ಸಿಲಿಂಡರುಗಳ ಸಂಕೋಚನ ಒತ್ತಡವನ್ನು ಅಳೆಯಿಸುವುದು ವೈದ್ಯನು ನಾಡಿ ಹಿಡಿದಂತೆ. 1.6 ಲೀಟರಿನ ಮೊದಲ ಎಂಜಿನಿನಲ್ಲಿ ಗಾಳಿಯನ್ನು 9.4ರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಉಷ್ಣತೆ ಏರದಂತೆ ಒತ್ತಿದರೆ ಬಾಯ್ಲನ ನಿಯಮದಂತೆ ಒತ್ತಡ ವಾಯುಮಂಡಲದ 9.4ರಷ್ಟು, ಉಷ್ಣ ಕಿಂಚಿತ್ತೂ ಹೊರಹೋಗದಂತೆ ಒತ್ತಿದರೆ ಸುಮಾರು 23ರಷ್ಟು. ನಿಜವಾದ ಎಂಜಿನು ಈ ಎರಡರ ನಡುವೆ ನಿಲ್ಲುತ್ತದೆ. ಕೊಳ್ಳುವವನಿಗೆ ಮುಖ್ಯವಾದುದು ನಾಲ್ಕೂ ಸಿಲಿಂಡರುಗಳ ಅಂಕೆ ಹೆಚ್ಚುಕಡಮೆ ಸಮವಾಗಿರಬೇಕೆಂಬುದು. ಒಂದು ಮಾತ್ರ ಬಹಳ ತಗ್ಗಿದ್ದರೆ ಅಲ್ಲಿ ಪಿಸ್ಟನ್ನಿನ ಉಂಗುರವೋ ಕವಾಟವೋ ಸೋತಿದೆ.

ಕವಾಟಗಳನ್ನು ಹೊತ್ತುಹೊತ್ತಿಗೆ ತೆರೆದು ಮುಚ್ಚಿಸುವ ಹಲ್ಲುಪಟ್ಟಿಯನ್ನೂ ವಿಚಾರಿಸಬೇಕು. ರಬ್ಬರಿನ ಈ ಪಟ್ಟಿಯನ್ನು ಎಂ.ಎಕ್ಸ್.-5ರ ಮೊದಲ ಎರಡು ತಲೆಮಾರುಗಳಲ್ಲಿ ಸುಮಾರು 60,000 ಮೈಲಿಗೊಮ್ಮೆ ಬದಲಿಸಬೇಕು. 1.6 ಲೀಟರಿನ ಮೊದಲ ಎಂಜಿನಿನಲ್ಲಿ ಪಟ್ಟಿ ಹರಿದರೆ ಕಾರು ನಿಲ್ಲುತ್ತದೆ, ಅಷ್ಟೆ. 1982ರಿಂದ 1991ರವರೆಗೆ ತಯಾರಾದ ಪೋರ್ಷೆ 944ರಲ್ಲಿ ಹಾಗಲ್ಲ. ಪಟ್ಟಿ ಹರಿದರೆ ಮೇಲೇರುವ ಪಿಸ್ಟನ್ನುಗಳು ತೆರೆದಿರುವ ಕವಾಟಗಳಿಗೆ ಬಡಿದು ಅವನ್ನು ಬಗ್ಗಿಸುತ್ತವೆ. ಕೆಲವು ಅಡಿ ಉದ್ದದ ರಬ್ಬರನ್ನು ಸಕಾಲದಲ್ಲಿ ಬದಲಿಸದ ತಪ್ಪಿಗೆ ಎಂಜಿನನ್ನೇ ಬಿಚ್ಚಬೇಕಾಗುತ್ತದೆ.

ಇಲ್ಲಿ ಮಿತ ಹಣದವನು ಮರೆಯಬಾರದ ಒಂದು ಸತ್ಯವಿದೆ. ದುಬಾರಿ ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಆನೆಯನ್ನು ಅಗ್ಗಕ್ಕೆ ಕೊಂಡವನೂ ಆನೆಗೆ ಮೇವು ಹಾಕಲೇಬೇಕು.

ಹಣದ ಲೆಕ್ಕ

ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯುವುದು ಹೊಸಬರು ಮಾಡುವ ತಪ್ಪು. ನಮ್ಮ ವಿದ್ಯಾರ್ಥಿಗೆ 4,000 ಪೌಂಡಿನಲ್ಲಿ ಕಾಲುಭಾಗವನ್ನು ಮುಟ್ಟದೆ ಇರಿಸಿಕೊಳ್ಳಲು ಹೇಳಿದೆವು. ಟೈರು, ಹಲ್ಲುಪಟ್ಟಿ, ಬ್ರೇಕು, ಎಣ್ಣೆಗಳಿಗೆ ಅದು ಬೇಕು. ವಿಮೆಯ ಕಂತನ್ನು ಕಾರು ಕೊಳ್ಳುವ ಮೊದಲೇ ವಿಚಾರಿಸಬೇಕು. ಎಳೆಯ ಪ್ರಾಯದ ಚಾಲಕನಿಗೂ ಸ್ಪೋರ್ಟ್ಸ್ ಕಾರಿಗೂ ವಿಮಾ ಸಂಸ್ಥೆಗಳು ಒಟ್ಟಿಗೆ ಪ್ರೀತಿ ತೋರುವುದಿಲ್ಲ.

ಆರು ವಾರಗಳಲ್ಲಿ ಆತ ಐದು ಕಾರುಗಳನ್ನು ನೋಡಿದ. ಆರನೆಯದು ಎರಡನೆಯ ತಲೆಮಾರಿನದು, 2003ರದು. ಹಸಿರು ಬಣ್ಣ ಮಾಸಿತ್ತು, ಬಾಗಿಲಿನ ಮೇಲೆ ಗೀರುಗಳಿದ್ದುವು, ಆಸನದ ಚರ್ಮ ಹರಿದಿತ್ತು. ಆದರೆ ಅಯಸ್ಕಾಂತ ಎಲ್ಲಿಯೂ ಜಾರಲಿಲ್ಲ. ಆ ತಲೆಮಾರಿನಲ್ಲಿ ಮುಂಭಾಗದ ಅಡಿತೊಲೆಗಳಿಗೂ ತುಕ್ಕು ಹಿಡಿಯುವುದುಂಟು; ಮೆಕ್ಯಾನಿಕ್ ಒಬ್ಬನಿಗೆ ಕೂಲಿ ಕೊಟ್ಟು ಕಾರನ್ನು ಮೇಲಕ್ಕೆತ್ತಿಸಿ ಅದನ್ನೂ ನೋಡಿಸಿದ. ವರ್ಷ ವರ್ಷದ ದಾಖಲೆಯಲ್ಲಿ ಮೈಲಿಗಳ ಅಂಕೆ ಏರುತ್ತ ಹೋಗಿತ್ತೇ ಹೊರತು ಎಲ್ಲಿಯೂ ಹಿಂದಕ್ಕೆ ಹೊರಳಿರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಕಾರು ನೇರವಾಗಿ ಓಡಿತು, ಬ್ರೇಕು ಒತ್ತಿದಾಗ ಪಕ್ಕಕ್ಕೆ ಎಳೆಯಲಿಲ್ಲ. 2,900 ಪೌಂಡಿಗೆ ಅದನ್ನು ಕೊಂಡು ಮೊದಲ ವಾರದಲ್ಲಿಯೇ ಹೊಸ ಹಲ್ಲುಪಟ್ಟಿಯನ್ನೂ ನಾಲ್ಕು ಹೊಸ ಟೈರುಗಳನ್ನೂ ಹಾಕಿಸಿದ.

ಆ ನವೆಂಬರಿನಲ್ಲಿ ಮತ್ತೊಂದು ಪತ್ರ ಬಂದಿತು. ಮಳೆ ಹನಿಯುತ್ತಿದ್ದ ಒಂದು ಸಂಜೆ ತಿರುವು ದಾಟಿದೊಡನೆ ರಸ್ತೆಯ ನಡುವೆ ಕುರಿಮಂದೆ ನಿಂತಿತ್ತಂತೆ. “ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು ಸಾರ್. ನಿಂತಮೇಲೆ ನೋಡಿದರೆ ಮುಂದಿನ ಕುರಿಗೂ ಕಾರಿಗೂ ಎರಡು ಮಾರು ದೂರ. ಹಳೆಯ ಟೈರುಗಳೇ ಇದ್ದಿದ್ದರೆ ಎಂದು ಅಲ್ಲಿಯೇ ಕುಳಿತು v²/2μg ಲೆಕ್ಕ ಹಾಕಿದೆ. ಉತ್ತರ ಬಂದಮೇಲೆ ಸ್ವಲ್ಪ ಹೊತ್ತು ಕೈ ನಡುಗಿತು.”

ಎಂ.ಎಕ್ಸ್.-5 ಕಾರು ನಮ್ಮ ಬೀದಿಗಳಲ್ಲಿ ಕಾಣಸಿಗುವುದು ಅಪರೂಪ. ಆದರೆ ಕಾಲೇಜು ಸೇರಿದೊಡನೆ ಹಳೆಯ ಮೋಟಾರು ಸೈಕಲ್ಲಿಗಾಗಿ ತಂದೆಯವರನ್ನು ಕಾಡುವ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲಿಯೂ ಇದ್ದಾರೆ. ಅವರಿಗೆ ನಮ್ಮ ಸಲಹೆ ಇಷ್ಟೆ: ಬಣ್ಣವನ್ನು ಕೊನೆಯಲ್ಲಿ ನೋಡಿರಿ, ಟೈರನ್ನು ಮೊದಲು ನೋಡಿರಿ, ಮಾರುವವನು ಅವಸರಪಡಿಸಿದರೆ ಮನೆಗೆ ಹಿಂದಿರುಗಿರಿ. ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವಿರಲಿ.